ರಾಶಿಯ ತಳದ ಕಾಗದ

ಲಿಸ್ಬನ್ನಿನ ಮಂತ್ರಿಮಂಡಲದ ಕೋಣೆಗೆ ಎವರಿಸ್ತು ಕಾಲ್ದೈರ ಬಾಗಿಲ ಕಾವಲುಗಾರ. ದೊರೆ ಓಡಿಹೋಗಿ ಗಣರಾಜ್ಯ ಬಂದ ವಾರವೇ ಕೆಲಸಕ್ಕೆ ಸೇರಿದವನು. ಆಮೇಲೆ ಎಷ್ಟು ಸರ್ಕಾರ ಬಂದವು, ಎಷ್ಟು ಬಿದ್ದವು ಎಂದರೆ ಪತ್ರಿಕೆಯವರೇ ತಲೆ ಕೆರೆದುಕೊಳ್ಳುತ್ತಿದ್ದರು. ಕೆಲವು ಮಂತ್ರಿಗಳಿಗೆ ತಮ್ಮ ಕುರ್ಚಿ ಯಾವುದೆಂದು ತಿಳಿಯುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗುತ್ತಿತ್ತು. ಎವರಿಸ್ತು ಮಾತ್ರ ಕದಲಲಿಲ್ಲ. ಎಲ್ಲರ ಕೋಟು ತೆಗೆದಿಟ್ಟ, ಎಲ್ಲರಿಗೂ ಕಾಫಿ ಕೊಟ್ಟ, ಸಹಿಗೆ ಬಂದ ಕಾಗದಗಳನ್ನು ದಿನವೂ ರಾಶಿ ಮಾಡಿ ಮೇಜಿನ ಮೇಲಿಟ್ಟ.

ಹೆಂಡತಿ ಜ್ವರದಲ್ಲಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ತಮ್ಮ ಲಿಬೊರಿಯು ಒಬ್ಬನೇ. ಟ್ರಾಮ್ ಓಡಿಸುತ್ತಿದ್ದ ಆ ತಮ್ಮನನ್ನು ಮುಷ್ಕರದ ಗಲಾಟೆಯಲ್ಲಿ ಹಿಡಿದು ಆಫ್ರಿಕದ ಗಿನಿಗೆ ಗಡೀಪಾರು ಮಾಡಿದರು. ಅಂದಿನಿಂದ ಎವರಿಸ್ತು ಭಾನುವಾರವೂ ಕೆಲಸಕ್ಕೆ ಬರತೊಡಗಿದ. ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ.

ಒಬ್ಬ ಮಂತ್ರಿ ಮನಸ್ಸು ಕರಗಿ ಕ್ಷಮಾದಾನದ ಕಾಗದ ಬರೆಸಿಕೊಟ್ಟ. "ನಾಳೆ ರಾಶಿಯಲ್ಲಿ ಇಡಪ್ಪ. ಎಲ್ಲ ಮಂತ್ರಿಗಳ ಸಹಿ ಬಿದ್ರೆ ನಿನ್ನ ತಮ್ಮ ಬಂದ ಹಾಗೇ."

ಈ ಮಹಾರಾಯ ಅದನ್ನು ಎಲ್ಲಕ್ಕಿಂತ ಕೆಳಗಿಟ್ಟ! ದೊರೆಯ ಕಾಲದ ಆಳುಗಳು ಸ್ವಂತದವರ ಕೆಲಸ ಮೊದಲು ಮಾಡಿಸಿಕೊಳ್ಳುತ್ತಿದ್ದರು. ಗಣರಾಜ್ಯದ ಬಾಗಿಲಲ್ಲಿ ನಿಂತವನು ಹಾಗೆ ಮಾಡಬಾರದೆಂಬುದು ಅವನ ಹಟ. ಅರ್ಧ ರಾಶಿಗೆ ಸಹಿ ಬೀಳುವಷ್ಟರಲ್ಲಿ ಸಂಸತ್ತಿನಲ್ಲಿ ಸರ್ಕಾರ ಸೋತಿತು.

ಹೊಸ ಮಂತ್ರಿಗಳು ಬಂದರು, ಕಾಗದವನ್ನೂ ಹೊಸದಾಗಿ ಬರೆಸಬೇಕಾಯಿತು. ದಿನವೂ ಬೇರೆ ಕಾಗದಗಳು ಬರುತ್ತಿದ್ದವು, ದಿನವೂ ತನ್ನದನ್ನು ತಳಕ್ಕೆ ಸರಿಸುತ್ತಿದ್ದ. ಆ ಸರ್ಕಾರ ಹತ್ತೊಂಬತ್ತು ದಿನ ಬಾಳಿತು. ಮೂರನೆಯದರ ಕತೆಯೂ ಅಷ್ಟೇ.

ಕಸ ಗುಡಿಸುವ ಫೆಲಿಸ್ಮೀನಾಳಿಗೆ ತಡೆಯಲಾಗಲಿಲ್ಲ. "ಅಲ್ಲ ಕಣೋ, ನಿನ್ನ ತಮ್ಮ ಅಲ್ಲಿ ಸೊಳ್ಳೆಗೆ ಊಟ ಆಗ್ತಿದಾನೆ, ನೀನಿಲ್ಲಿ ಸಂತನ ಥರ ನಿಂತಿದೀಯ. ಮೇಲಿಡೋ ಮಾರಾಯ!"

"ನಾಲ್ಕು ಜನ ಏನಂತಾರೆ?"

"ಯಾವ ನಾಲ್ಕು ಜನ? ಇಲ್ಲಿ ನಾಲ್ಕು ದಿನ ಇರೋರೇ ಇಲ್ವಲ್ಲ!"

ನಾಲ್ಕನೆಯ ಸರ್ಕಾರ ಬಂದಾಗ ಲಿಬೊರಿಯುವಿನ ಪತ್ರ ಬಂತು: ಜ್ವರ ಬಿಡುತ್ತಿಲ್ಲ ಅಣ್ಣ. ಅಂದು ಎವರಿಸ್ತು ಕಾಗದವನ್ನು ಮೇಲಿಟ್ಟ. ಮಂತ್ರಿಗಳು ಊಟದ ಮಾತಾಡುತ್ತಲೇ, ಓದದೆಯೇ, ಹತ್ತು ನಿಮಿಷದಲ್ಲಿ ಸಹಿ ಹಾಕಿ ಮುಗಿಸಿದರು. ಯಾರೂ ಏನೂ ಅನ್ನಲಿಲ್ಲ.

ಲಿಬೊರಿಯು ಹಡಗಿಳಿದಾಗ ಬರೀ ಮೂಳೆಯಾಗಿದ್ದ. ಎವರಿಸ್ತು ಅವನಿಗೆ ಆಲೂಗಡ್ಡೆ ಹಾಕಿ ಉಪ್ಪುಮೀನು ಬೇಯಿಸಿದ. ಎರಡು ವರ್ಷದ ಮೇಲೆ ಎದುರಿಗೆ ಕೂತು ಉಣ್ಣುವವನು ಸಿಕ್ಕಿದ್ದ. ಆ ಸಂಭ್ರಮದಲ್ಲಿ ಕಾಗದದ ಕತೆಯನ್ನೆಲ್ಲ ಮೊದಲಿಂದ ಹೇಳಿದ, ತನ್ನ ನಿಷ್ಠೆಯನ್ನೂ ಬಿಡದೆ.

ತಮ್ಮ ಉಣ್ಣುವುದನ್ನು ನಿಲ್ಲಿಸಿದ. "ಹತ್ತೇ ನಿಮಿಷನಾ ಅಣ್ಣ?"

"ಹ್ಞೂ ಕಣೋ, ಹತ್ತೂ ಆಗಿರ್ಲಿಕ್ಕಿಲ್ಲ."

"ಮೊದಲನೇ ಸಲಾನೇ ಮೇಲಿಟ್ಟಿದ್ರೆ?"

ಎವರಿಸ್ತು ತಮ್ಮನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದ.

"ಯಾವನೋ ಮಂತ್ರಿ ಕಲ್ಲೆದೆಯವನು ಅಂತ ದಿನಾ ಬೈಕೋತಿದ್ದೆ," ಅಂದ ಲಿಬೊರಿಯು. "ನನ್ನನ್ನ ತಳಕ್ಕಿಟ್ಟಿದ್ದು ನೀನಾ?"

ಅದೇ ವಾರ ಅವನು ಗೆಳೆಯನೊಬ್ಬನ ಜೊತೆ ಸೆತೂಬಲಿನ ಮೀನು ಕಾರ್ಖಾನೆಗೆ ಹೊರಟುಹೋದ. ಗಿನಿಯಿಂದಲಾದರೂ ಪತ್ರಗಳು ಬರುತ್ತಿದ್ದವು. ಅರ್ಧ ದಿನದ ದಾರಿಯ ಸೆತೂಬಲಿನಿಂದ ಒಂದೂ ಬರಲಿಲ್ಲ.