ನಡುವೆ ಯಾರೂ ಬೇಡ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿತನ ಮಾಡಿಯೇ ಹೊಟ್ಟೆ ಬೆಳೆಸಿದ ಓಬೇದುಲ್ಲಾ ಸಾಬರಿಗೆ ಮನೆಯ ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಮಾತ್ರ ದಲ್ಲಾಳಿಯನ್ನು ಕಂಡರಾಗದು. "ಸೌಂಡು ಹೆಚ್ಚುಕಮ್ಮಿ ಮಾಡೋಕೆ ಪ್ರೀಆಂಪ್ ಅನ್ನೋ ಇನ್ನೊಂದು ಡಬ್ಬ ಯಾಕ್ರೀ ನಡುವೆ? ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ನೇರ ವೈರ್ ಎಳೀರಿ! ನಡುವೆ ಬಂದೋರು ಕಮಿಷನ್ ಹೊಡೀದೆ ಬಿಡ್ತಾರಾ?" ಮೀಟರ್ ನೋಡಲು ಬಂದವರಿಗೂ, ಮದುವೆಗೆ ಕರೆಯಲು ಬಂದವರಿಗೂ ಅದೇ ಉಪದೇಶ. ಹಾಡು ಶುರುವಾದರೆ ಗೋಡೆ ಗಡಿಯಾರ ಕುಣಿಯುತ್ತದೆ, ಬೆಕ್ಕು ಮುಳಬಾಗಿಲಿನ ಬಸ್ಸು ಹತ್ತುತ್ತದೆ. ಆಗ ಹೆಂಡತಿಯನ್ನು ಕರೆದು, "ಹಜೀರಾ, ಮಹಡಿ ಮೇಲೆ ನನ್ನ ತಮ್ಮನಿಗೆ ಸರಿಯಾಗಿ ಕೇಳಿಸ್ತೈತಾ, ವಿಚಾರಿಸ್ಕೊಂಡ್ ಬಾ" ಎನ್ನುತ್ತಾರೆ. ತಮ್ಮನ ಜೊತೆ ಅವರು ಮಾತು ಬಿಟ್ಟು ವರ್ಷಗಳೇ ಆದವು. ಹಜೀರಾ ಮೇಲೆ ಹೋಗಿ, ಮೈದುನನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಮೆಟ್ಟಿಲ ಮೇಲೆಯೇ ಅದನ್ನು ನುಂಗಿ, ಕೆಳಗಿಳಿದು ಹೇಳುತ್ತಾರೆ: "ಬಹಳ ಚೆನ್ನಾಗೈತಂತೆ."