ಆಡದ ಆಟಕ್ಕೆ ವಕಾಲತ್ತು

ಕಡಲಾಚೆಯ ಯಾವುದೋ ಊರಲ್ಲಿ ಕೂತು ವಿಡಿಯೋ ಗೇಮುಗಳಿಗೆ ಅಂಕ ಕೊಡುವ ಒಬ್ಬ ವಿಮರ್ಶಕನಿಗೆ ನಾನು ಮೂರು ಪುಟದ ತಕರಾರು ಅರ್ಜಿ ಬರೆದಿದ್ದೇನೆ. ‘ವಿಷಯ: ತಾವು ಹತ್ತಕ್ಕೆ ಆರು ಅಂಕ ನೀಡಿರುವುದನ್ನು ಮರುಪರಿಶೀಲಿಸುವ ಬಗ್ಗೆ’ ಎಂದು ಶುರುವಾಗುವ ಆ ಅರ್ಜಿಯ ಇಂಗ್ಲಿಷ್ ತರ್ಜುಮೆಯೂ ನನ್ನದೇ. ಆಗ ನನಗೆ ನಲವತ್ಮೂರು ವರ್ಷ. ಆ ಗೇಮನ್ನು ನಾನು ಒಂದು ನಿಮಿಷವೂ ಆಡಿರಲಿಲ್ಲ. ಇದನ್ನೆಲ್ಲ ನಗುತ್ತ ಹೇಳಬಹುದು, ಹೇಳುತ್ತೇನೆ. ಆದರೆ ಆ ಜಗಳದಲ್ಲಿ ನನಗಿದ್ದ ಒಬ್ಬನೇ ಒಬ್ಬ ಗೆಳೆಯನನ್ನು ಕಳೆದುಕೊಳ್ಳುವುದರಲ್ಲಿದ್ದೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ಅರ್ಜಿ ಬರೆಯುವುದು ನನ್ನ ಕಸುಬು. ಶೃಂಗೇರಿಯ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾದವರು, ಖಾತೆ ಬದಲಾಗದವರು, ಪಕ್ಕದ ಮನೆಯವನು ಬೇಲಿ ಸರಿಸಿದ ಎಂದು ಉರಿದುಕೊಂಡು ಬಂದವರು, ಎಲ್ಲರ ಸಿಟ್ಟನ್ನೂ ನಾನು ‘ಮಾನ್ಯರೇ’ ಎಂದು ಶುರು ಮಾಡಿ ‘ತಮ್ಮ ವಿಧೇಯ’ ಎಂದು ಮುಗಿಸಿ ಕೊಡುತ್ತೇನೆ. ಹೀಗೆ ಇಪ್ಪತ್ತು ವರ್ಷ ಬೇರೆಯವರ ಸಿಟ್ಟು ಬರೆದೂ ಬರೆದೂ ನನ್ನ ಸ್ವಂತ ಸಿಟ್ಟೂ ಅದೇ ಅಚ್ಚಿನಲ್ಲಿ ಬರತೊಡಗಿತ್ತು. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾದಾಗ ಹೆಂಡತಿಗೆ ‘ಈ ಹಿಂದೆಯೂ ತಮ್ಮ ಗಮನಕ್ಕೆ ತರಲಾಗಿತ್ತು’ ಎಂದುಬಿಟ್ಟೆ. ಎರಡು ದಿನ ಸಾರೇ ಇರಲಿಲ್ಲ.

ಗೆಳೆಯನದು ನರಸಿಂಹರಾಜಪುರದಲ್ಲಿ ಮ್ಯಾಚಿಂಗ್ ಸೆಂಟರ್. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸ್, ದಾರ ಮಾರುವ ಅಂಗಡಿ, ಅವನ ಅಪ್ಪನ ಕಾಲದ್ದು. ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಒಮ್ಮೆ ನೋಡಿದನೆಂದರೆ ಗೋಡೆ ತುಂಬ ಜೋಡಿಸಿಟ್ಟ ಬಟ್ಟೆಯಲ್ಲಿ ಸೀದಾ ಅದೇ ಬಣ್ಣಕ್ಕೆ ಕೈ ಹಾಕುತ್ತಿದ್ದ. ನಾವಿಬ್ಬರೂ ಕೊಪ್ಪದಲ್ಲಿ ಕಾಲೇಜು ಓದುವಾಗ ಬಸ್ ಸ್ಟ್ಯಾಂಡ್ ಪಕ್ಕದ ಮಹಡಿಯ ಸೈಬರ್ ಕೆಫೆಯಲ್ಲಿ ಸ್ನೇಹಿತರಾದವರು. ಇಬ್ಬರಿಗೆ ಸೇರಿ ಒಂದೇ ಕಂಪ್ಯೂಟರು. ಕೀಲಿಮಣೆಯ ಎಡಭಾಗ ಅವನದು, ಬಲಭಾಗ ನನ್ನದು. ಅವನು ನಡೆಸುತ್ತಿದ್ದ, ನಾನು ಬಾಣ ಬಿಡುತ್ತಿದ್ದೆ. ಕಳೆದುಹೋದ ತಂಗಿಯನ್ನು ಹುಡುಕುತ್ತ ಹಾಳುಬಿದ್ದ ಊರುಗಳನ್ನು ದಾಟುವ ಬಿಲ್ಲುಗಾರನೊಬ್ಬನ ಆಟ ಅದು. ಕಾಲೇಜು ಮುಗಿದ ಮೇಲೂ ವರ್ಷಗಟ್ಟಲೆ ಅಂತರದಲ್ಲಿ ಮೂರು ಭಾಗ ಬಂದವು, ಮೂರನ್ನೂ ಜೊತೆಗೇ ಮುಗಿಸಿದೆವು. ನಾಲ್ಕನೆಯದಕ್ಕೆ ಆರು ವರ್ಷ ಕಾದೆವು. ನನ್ನ ಮದುವೆಗೂ ನಾನು ಇಷ್ಟು ಕಾದವನಲ್ಲ.

ಕಡೆಗೂ ನಾಲ್ಕನೆಯದು ಬಂತು. ಅವನ ಮನೆಗೆ ಒಳ್ಳೆಯ ಇಂಟರ್ನೆಟ್ ಲೈನ್ ಇದೆ, ಮೊದಲ ದಿನವೇ ಇಳಿಸಿಕೊಂಡು “ಬಾ ಮಾರಾಯ, ಶುರು ಮಾಡುವ” ಎಂದು ಫೋನ್ ಮಾಡಿದ. ನನ್ನ ಅಂಗಡಿಯಲ್ಲಿ ಯಾವುದೋ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದು ಜನ ಸಾಲುಗಟ್ಟಿದ್ದರು. ನೀನು ಆಡುತ್ತಿರು, ನಾನು ಇಲ್ಲಿ ಇಳಿಸಿಕೊಳ್ಳುತ್ತೇನೆ ಎಂದೆ. ನನ್ನ ಮನೆ ಇರುವುದು ಕೆರೆಕಟ್ಟೆ ದಾರಿಯಲ್ಲಿ. ಅಲ್ಲಿ ಫೋನ್ ಮಾಡಬೇಕಾದರೇ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಗೇಮ್ ಆಡುವ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶೃಂಗೇರಿಗೆ ತಂದು ಅಂಗಡಿಯ ಲೈನಿಗೆ ಸಿಕ್ಕಿಸಿದೆ. ಕಂಡಕ್ಟರು ಕಂಬಳಿ ಮುಟ್ಟಿ ನೋಡಿ “ಎಂತ ಇದು, ಜ್ವರವಾ?” ಎಂದ.

ಜ್ವರ ನನಗೇ ಬಂದಿತ್ತು. ಮೂರನೆಯ ದಿನ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಯಿತು. ಜೋಡಿಸಿದರು, ಕರೆಂಟು ಹೋಯಿತು. ಕರೆಂಟು ಬಂತು, ಆಟ ಮತ್ತೆ ಮೊದಲಿನಿಂದ ಇಳಿಯತೊಡಗಿತು. ಇಷ್ಟರ ನಡುವೆ ವಿಮರ್ಶೆಗಳು ಬಂದವು. ಒಬ್ಬ ಒಂಬತ್ತು ಕೊಟ್ಟಿದ್ದ, ಇನ್ನೊಬ್ಬ ಏಳು, ಮತ್ತೊಬ್ಬ ಆರು. ಕಥೆ ಎಳೆದಾಡುತ್ತದೆ, ಮಾಡಿದ್ದನ್ನೇ ಮತ್ತೆ ಮಾಡಿಸುತ್ತದೆ ಎಂದು ಬರೆದಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಆರಂತೆ ಆರು! ನಮ್ಮ ಬಿಲ್ಲುಗಾರನಿಗೆ ಆರು ಕೊಡಲು ಇವನ್ಯಾರು? ಆ ಮೂರು ಪುಟದ ಅರ್ಜಿ ಹುಟ್ಟಿದ್ದು ಆಗಲೇ. ಕನ್ನಡದಲ್ಲಿ ಮಾತಾಡಿಕೊಳ್ಳುವ ಅಭಿಮಾನಿಗಳದ್ದೊಂದು ವಾಟ್ಸಾಪ್ ಗ್ರೂಪಿತ್ತು, ಇನ್ನೂರು ಚಿಲ್ಲರೆ ಜನ. ಅವರಲ್ಲಿ ಮೂವತ್ತೊಂದು ಮಂದಿಯ ಸಹಿ ತರಿಸಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ, ಅಡಕಗಳ ಪಟ್ಟಿ ಸಮೇತ ಇಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಏಳು ದಿನ ಬಿಟ್ಟು ಜ್ಞಾಪನಾ ಪತ್ರ ಕಳಿಸಿದೆ.

ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. “ಅಲ್ಲ ಮಾರಾಯ್ರೇ, ನೀವು ಅದನ್ನ ಇನ್ನೂ ಆಡೇ ಇಲ್ವಲ್ಲ, ಚೆನ್ನಾಗಿದೆ ಅಂತ ನಿಮಗೆ ಹೇಗೆ ಗೊತ್ತು?”

“ಆಡಿಯೇ ಗೊತ್ತಾಗಬೇಕಾ? ಆರು ವರ್ಷದಿಂದ ಗೊತ್ತು” ಎಂದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಹತ್ತನೆಯ ದಿನವೋ ಏನೋ, ಗ್ರೂಪಿನಲ್ಲಿ ಗೆಳೆಯನ ಬರಹ ಬಂತು. ಅವನು ಬರೆಯುವವನಲ್ಲ, ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುವವನು. ‘ಆಟ ಪರವಾಗಿಲ್ಲ. ಹಿಂದಿನಷ್ಟು ಚಂದ ಮಾಡಿಲ್ಲ. ಗವಿಯೊಳಗೆ ಹೋದರೆ ಎಲ್ಲ ಮಬ್ಬು, ದಾರಿಯೇ ಕಾಣುವುದಿಲ್ಲ. ಅಕ್ಷರ ಸಾಸಿವೆಯಷ್ಟಿದೆ. ಹತ್ತಕ್ಕೆ ಆರು ಕೊಡಬಹುದು.’ ಇಷ್ಟೇ.

ಅದೇ ಆರು! ಕಡಲಾಚೆಯವನು ಕೊಟ್ಟರೆ ಅರ್ಜಿ ಬರೆಯಬಹುದು, ನನ್ನ ಪಕ್ಕದಲ್ಲೇ ಕೂತು ಆಡಿದವನು ಕೊಟ್ಟರೆ? ನನ್ನ ಮೂವತ್ತೊಂದು ಸಹಿಗಳ ಮರ್ಯಾದೆ ಏನಾಯಿತು? ಫೋನ್ ಮಾಡಿ ಕೇಳಬಹುದಿತ್ತು. ದಿನಕ್ಕೊಮ್ಮೆ ಮಾತಾಡುವವರೇ ನಾವು. ಆದರೆ ನನಗೆ ಬೇಕಾಗಿದ್ದು ಉತ್ತರವಲ್ಲ, ಸಭೆ. ಗ್ರೂಪಿನಲ್ಲೇ ಬರೆದೆ: ‘ಟಿ.ವಿ. ಒರೆಸಿ ಎಷ್ಟು ವರ್ಷ ಆಯ್ತು ಸಾಹೇಬ್ರೇ? ಕಣ್ಣು ಬಿಟ್ಕೊಂಡು ಆಡಿ. ಆಡಕ್ಕೆ ಬರದವರೆಲ್ಲ ಅಂಕ ಕೊಡಕ್ಕೆ ಹೊರಟರೆ ಹೀಗೇ ಆಗೋದು.’ ನಗುವ ಮುಖಗಳು ಸಾಲುಸಾಲಾಗಿ ಬಂದು ಬಿದ್ದವು. ಒಬ್ಬ ಕತ್ತಲೆಯಲ್ಲಿ ತಡಕಾಡುವ ಮುದುಕನ ಚಿತ್ರ ಹಾಕಿದ. ಇನ್ನೊಬ್ಬ ಆರು ಕೊಡಲು ಎಷ್ಟು ದುಡ್ಡು ತಿಂದೆ ಎಂದು ಕೇಳಿದ. ನಾನು ಅಂಗಡಿಯಲ್ಲಿ ಕೂತು ಒಬ್ಬನೇ ಹಲ್ಲು ಕಿಸಿಯುತ್ತಿದ್ದೆ. ಮೂರು ದಿನ ಅವನನ್ನು ಹೀಗೆ ಅರೆದರು. ನಾಲ್ಕನೆಯ ದಿನ ಅವನು ಗ್ರೂಪ್ ಬಿಟ್ಟ ಎಂದು ಒಂದು ಸಾಲು ಕಾಣಿಸಿತು.

ಆಮೇಲೆ ಅವನ ಫೋನ್ ಇಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ಮೊದಲ ಎರಡು ದಿನ ಕೊಬ್ಬಿನಲ್ಲಿ ಕಳೆದವು. ಮೂರನೆಯ ದಿನದಿಂದ ಮನಸ್ಸು ಬೇನೆ ಬೀಳತೊಡಗಿತು. ಅರ್ಜಿ ಬರೆಸಲು ಬಂದವರ ಕತೆಗಳಲ್ಲಿ ನಗಬೇಕಾದ್ದು ಸಿಕ್ಕಿದರೆ ಸಂಜೆ ಅವನಿಗೆ ಹೇಳಬೇಕು ಎಂದುಕೊಳ್ಳುವುದು, ತಕ್ಷಣ ನೆನಪಾಗುವುದು. ಒಂಬತ್ತನೆಯ ದಿನ ಅಂಗಡಿ ಮುಚ್ಚಿ ಕೊಪ್ಪದ ಬಸ್ಸು ಹತ್ತಿದೆ. ರಾಜಿ ಮಾಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ಸುಳ್ಳು. ನಾನು ಹೊರಟಿದ್ದು ಸ್ಥಳ ಮಹಜರಿಗೆ. ಅವನ ಟಿ.ವಿ.ಯಲ್ಲೇ ಆ ಗವಿ ನೋಡಬೇಕು, ಮಬ್ಬಿಲ್ಲ ಎಂದು ತೋರಿಸಬೇಕು, ಫೋಟೋ ಹೊಡೆದು ಗ್ರೂಪಿಗೆ ಹಾಕಬೇಕು, ಆಮೇಲೆ ಬೇಕಾದರೆ ರಾಜಿ. ಕೊಪ್ಪದಲ್ಲಿ ಬಸ್ಸು ಬದಲಿಸಿ ಕೂತಾಗ ಮಹಜರಿನ ವಾಕ್ಯಗಳೂ ಮನಸ್ಸಿನಲ್ಲಿ ತಯಾರಾಗಿದ್ದವು.

ಅವನ ಅಂಗಡಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಒಬ್ಬ ಹೆಂಗಸು ಸೀರೆ ಹಿಡಿದುಕೊಂಡು ರೇಗುತ್ತಿದ್ದರು. “ಅಣ್ಣ, ಇದು ಕಪ್ಪು. ನಾ ಕೇಳಿದ್ದು ನೇವಿ ಬ್ಲೂ. ಮೊನ್ನೆನೂ ಹೀಗೇ ಕೊಟ್ರಿ.” ಅವನು ಬಟ್ಟೆಯನ್ನೂ ಸೀರೆಯನ್ನೂ ಎತ್ತಿಕೊಂಡು ಬೀದಿಯ ಬಿಸಿಲಿಗೆ ಬಂದ, ಮುಖದ ಹತ್ತಿರ ಹಿಡಿದು ನೋಡಿದ, ಪಕ್ಕದಲ್ಲೇ ನಿಂತಿದ್ದ ನನ್ನನ್ನು ದಾಟಿ ಒಳಗೆ ಹೋದ. ಎಷ್ಟು ಸೊಕ್ಕು ಇವನಿಗೆ, ಮುಖ ಕೊಟ್ಟೂ ಮಾತಾಡಲ್ಲ ಎಂದು ನನಗೆ ಉರಿಯಿತು. “ನಾನು ಬಂದಿದ್ದೇನೆ” ಎಂದು ಗಟ್ಟಿಯಾಗಿ ಹೇಳಿದೆ. ದನಿ ಕೇಳಿ ತಿರುಗಿದ.

“ಓ, ನೀನಾ? ಯಾವಾಗ ಬಂದೆ?” ಎಂದ. ಸೊಕ್ಕಿನವನ ದನಿ ಅದಲ್ಲ.

ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ನನ್ನನ್ನು ಮಹಡಿಯ ಮನೆಗೆ ಕರೆದುಕೊಂಡು ಹೋದ. ಚಹಾ ಕುಡಿದೆವು. ಗ್ರೂಪಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. “ಆ ಗವಿ ತೋರ್ಸು” ಎಂದೆ. ಅವನು ಆಟ ಹಾಕಿದ. ನನ್ನ ಅಂಗಡಿಯಲ್ಲಿ ಅದಿನ್ನೂ ಪೂರ್ತಿ ಇಳಿದಿರಲಿಲ್ಲ. ಆರು ವರ್ಷ ಕಾದು, ಇಷ್ಟೆಲ್ಲ ರಂಪ ಮಾಡಿ, ನಾನು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಗವಿಯೊಳಗೆ ಬೆಳಕಿತ್ತು. ಗೋಡೆಯುದ್ದಕ್ಕೂ ಪಂಜುಗಳು ಉರಿಯುತ್ತಿದ್ದವು, ನೆಲದ ಒಂದೊಂದು ಕಲ್ಲೂ ಕಾಣುತ್ತಿತ್ತು. ಬಿಲ್ಲುಗಾರ ನೇರ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತ. ಗೆಳೆಯ ಅವನನ್ನು ಅಲ್ಲೇ ತಿರುಗಿಸುತ್ತಿದ್ದ.

“ಬಲಕ್ಕೆ ಬಾಗಿಲಿದೆಯಲ್ಲ” ಎಂದೆ.

“ಎಲ್ಲಿ?”

“ಅಲ್ಲೇ. ಪಂಜಿನ ಕೆಳಗೆ.”

“ಯಾವ ಪಂಜು ಮಾರಾಯ?”

ನಾನು ಎದ್ದು ಟಿ.ವಿ.ಯ ಬೆಳಕನ್ನು ಪೂರ್ತಿ ಏರಿಸಿದೆ. “ಈಗ?” ಎಂದು ಕೇಳಿದೆ. ಅವನು ಕುರ್ಚಿ ಮುಂದಕ್ಕೆ ಎಳೆದು, ತಲೆ ವಾರೆ ಮಾಡಿ ಒಂದು ಕಣ್ಣಲ್ಲಿ ನೋಡಿದ. ಇಲ್ಲ ಎಂದು ತಲೆಯಾಡಿಸಿದ. ಅವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ನೆನಪಾದರೆ ತಿನ್ನುತ್ತಾನೆ, ಇಲ್ಲವಾದರೆ ಇಲ್ಲ. ಅದು ನನಗೆ ಗೊತ್ತಿದ್ದದ್ದೇ. ಬೀದಿಯಲ್ಲಿ ನನ್ನನ್ನು ದಾಟಿ ಹೋದದ್ದು, ಕಪ್ಪನ್ನು ನೀಲಿ ಎಂದು ಕೊಟ್ಟದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ಈ ವಾದದಲ್ಲಿ ನಾನು ಗೆದ್ದಿದ್ದೆ. ಆಟ ಮಬ್ಬಾಗಿರಲಿ ದೇವರೇ, ಕಡಲಾಚೆಯವರು ಸೊನ್ನೆ ಕೊಡಲಿ, ನಾನೇ ಎಲ್ಲರ ಮುಂದೆ ಕಿವಿ ಹಿಡಿದು ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೌದು ಮಬ್ಬಿದೆ ಎಂದುಬಿಟ್ಟರೆ ಅವನಿಗೂ ಸಮಾಧಾನ, ನಮ್ಮ ಜಗಳವೂ ಮುಗಿಯುತ್ತಿತ್ತು. ನಾಲಿಗೆಯ ತುದಿವರೆಗೂ ಬಂತು.

“ಆಟ ಮಬ್ಬಿಲ್ಲ ಮಾರಾಯ” ಎಂದೆ. “ನಿನ್ನ ಕಣ್ಣು ತೋರಿಸಬೇಕು.”

ಅವನು ಕೈಯಲ್ಲಿದ್ದ ಕಂಟ್ರೋಲರನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟ.

“ಅನುಮಾನ ಇತ್ತು. ಅದಕ್ಕೇ ಬರ್ದಿದ್ದು” ಎಂದ. “ಇನ್ನೂರು ಜನ ಇದ್ದೀರಲ್ಲ. ಒಬ್ಬನಾದ್ರೂ ನಂಗೂ ಹಾಗೇ ಕಾಣ್ತದೆ ಅಂತ ಹಾಕ್ತಾನೇನೋ ಅಂತ ಮೂರು ದಿನ ಕಾದೆ. ಹಾಕಿದ್ರೆ ಆಟದ್ದೇ ತಪ್ಪು ಅಂತ ಸುಮ್ಮನಿರ್ತಿದ್ದೆ.”

ನನಗೆ ಅಳು ಬಂತು. ಅತ್ತುಬಿಟ್ಟೆ. ಅವನಿಗೆ ಕಾಣಬಾರದೆಂದು ತಲೆ ತಗ್ಗಿಸಿ ಫೋನ್ ತೆಗೆದು, ಆವತ್ತು ಬರೆದದ್ದನ್ನು ಹುಡುಕಿ ಅಳಿಸಲು ಹೊರಟೆ. ದಿನ ಮೀರಿತ್ತು. ಇನ್ನು ನನ್ನ ಫೋನಿನಿಂದ ಮಾತ್ರ ಅಳಿಸಬಹುದು ಎಂದು ತೋರಿಸಿತು. ಅಳಿಸದೆ ಒಳಗಿಟ್ಟೆ. ನಾಳೆ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಒಳ್ಳೆಯ ಕಣ್ಣಿನ ಡಾಕ್ಟರಿಗೆ ತೋರಿಸೋಣ, ಹೊತ್ತು ಮಾಡುವುದು ಬೇಡ ಎಂದೆ. ಅವನು ಆಯಿತು ಎಂದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ.

“ನೀನೂ ಒಳಗೆ ಬರ್ತೀಯಲ್ಲ? ಅಲ್ಲಿ ಬೋರ್ಡ್ ತೋರ್ಸಿ ಓದು ಅಂತಾರೆ. ಅಷ್ಟು ಜನರ ಎದುರಿಗೆ ತಪ್ಪು ಓದಕ್ಕೆ ನಂಗೆ ಹೆದರಿಕೆ.”