ಅರ್ಧಕ್ಕೇ ನಿಂತ ಪ್ಲಾಟ್‌ಫಾರ್ಮು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನ ಸ್ಟೇಷನ್ನನ್ನು ದಿಬ್ಬದ ಮೇಲೆ ಕಟ್ಟಿದ್ದರು. ಕೆಳಗೆ ಹಳ್ಳದ ನೀರು ನುಗ್ಗುತ್ತದೆಂದು ಹಳಿಗಳನ್ನೇ ಎತ್ತರಕ್ಕೆ ಒಯ್ದಿದ್ದರಂತೆ. ಬಂಡಿಯನ್ನು ಕೆಳಗೇ ಬಿಟ್ಟು ಕಡಿದಾದ ಕಲ್ಲಿನ ಮೆಟ್ಟಿಲು ಹತ್ತಬೇಕು. ಮೇಲೆ ಕಲ್ಲು ಹಾಸಿದ ಚಂದದ ಪ್ಲಾಟ್‌ಫಾರ್ಮು, ಆದರೆ ಅದು ಬಿಳಿ ದೊರೆಗಳ ಡಬ್ಬಿ ನಿಲ್ಲುವಷ್ಟೇ ಉದ್ದ. ನಮ್ಮ ಮೂರನೇ ದರ್ಜೆಯ ಡಬ್ಬಿಗಳು ಅದರಾಚೆ ನಿಲ್ಲುತ್ತಿದ್ದವು. ಜಲ್ಲಿಯ ಮೇಲೆ ನಿಂತು ಎದೆಮಟ್ಟದ ಬಾಗಿಲಿಗೆ ಏರಬೇಕು. ಎಲ್ಲೋ ಮದರಾಸಿನಲ್ಲಿ ಕೂತು ಈ ನಕ್ಷೆ ಬರೆದ ಪುಣ್ಯಾತ್ಮನಿಗೆ ಮನೆಯಲ್ಲಿ ಹೆಂಗಸರು ಇದ್ದರೋ ಇಲ್ಲವೋ.

ಹೆಂಗಸರು ಸೀರೆ ಎತ್ತಿ ಏರುವುದನ್ನು ಮಂದಿ ನೋಡಬಾರದೆಂದು ನಮ್ಮಂಥ ಮನೆಗಳವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಇಬ್ಬರು ಗಂಡಸರು ಜಮಖಾನೆಯನ್ನು ಅಡ್ಡ ಹಿಡಿಯಬೇಕು, ಅದರ ಮರೆಯಲ್ಲಿ ಹೆಂಗಸರು ಹತ್ತಬೇಕು. ಅಪ್ಪನಿಗೆ ಇದು ಮನೆತನದ ಮರ್ಯಾದೆ.

ಅವ್ವನಿಗೆ ಹಿಂದಿನ ದಿನದಿಂದಲೇ ಹೆರಿಗೆ ನೋವು. ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈಚೆಲ್ಲಿ, ಬಳ್ಳಾರಿ ಆಸ್ಪತ್ರೆಗೆ ಒಯ್ಯಿರಿ ಎಂದಳು. ಅಪ್ಪ, ಚಿಕ್ಕಪ್ಪ ಸೇರಿ ಅವ್ವನನ್ನು ಹೊತ್ತು ಮೆಟ್ಟಿಲು ಹತ್ತಿಸಿದರು. ರೈಲು ಬಂದು ನಿಂತಿತು. ಆಗ ನೋಡಿದರೆ ಜಮಖಾನೆ ಕೆಳಗೆ ಬಂಡಿಯಲ್ಲೇ ಉಳಿದಿದೆ.

"ಜಲ್ದಿ ತಗೊಂಡು ಬಾ," ಎಂದು ಅಪ್ಪ ಚಿಕ್ಕಪ್ಪನನ್ನು ಅಟ್ಟಿದ.

ಡಬ್ಬಿಯೊಳಗಿನ ಹೆಂಗಸರು ಕೈ ಚಾಚಿದರು. "ಎತ್ತಿ ಕೊಡ್ರಿ, ನಾವು ಒಳಗ ಎಳಕೊಂತೀವಿ."

"ಮಂದಿ ನೋಡ್ತಾರ್ರಿ, ತಡೀರಿ," ಎಂದ ಅಪ್ಪ.

ಅವ್ವ ನನ್ನ ಭುಜ ಹಿಡಿದು ಜಲ್ಲಿಯ ಮೇಲೆ ನಿಂತಿದ್ದಳು. "ನೋಡಿದ್ರ ನೋಡ್ಲಿ. ನನ್ನ ಹತ್ತಸ್ರಿ," ಎಂದಳು. ಅಪ್ಪ ಅವಳ ಸೆರಗು ಸರಿಮಾಡಿದ. ನಾನೇ ಎತ್ತಲು ನೋಡಿದೆ, ಎಳೆಯ ಹುಡುಗಿಯ ಬಲ ಎಲ್ಲಿ ಸಾಕಾಗುತ್ತದೆ? ಗಾರ್ಡು ಹಸಿರು ಬಾವುಟ ಬೀಸಿದ. ಚಿಕ್ಕಪ್ಪ ಏದುಸಿರು ಬಿಡುತ್ತ ಜಮಖಾನೆ ತರುವ ಹೊತ್ತಿಗೆ ಹಳಿ ಖಾಲಿಯಾಗಿತ್ತು.

ಮುಂದಿನ ರೈಲು ಸಂಜೆಗೆ. ಮಧ್ಯಾಹ್ನವೇ ಅವ್ವ ಹೋದಳು, ಕೂಸೂ ಹೋಯಿತು.

ಮುಂದೆ ಯಾವಾಗಲೋ ಪ್ಲಾಟ್‌ಫಾರ್ಮು ಉದ್ದ ಮಾಡಿದರು. ಊರವರು ತೆಂಗಿನಕಾಯಿ ಒಡೆದರು. ಅಪ್ಪ ಅಲ್ಲಿ ನಿಂತು, "ಮೊದ್ಲ ಹಿಂಗ ಕಟ್ಟಿದ್ರ ನಿಮ್ಮವ್ವ ಉಳೀತಿದ್ಲು," ಎಂದ. ನನಗೆ ಮೈಯೆಲ್ಲ ಉರಿಯಿತು. ನಕ್ಷೆ ಬರೆದವನನ್ನು ನಾನೂ ಬೈದವಳೇ, ಆದರೆ ಬೈಯಲು ಅಪ್ಪನಿಗೆ ಅವನೊಬ್ಬನೇ ಸಿಕ್ಕಿದ್ದ. ಮನೆಗೆ ಬಂದವರ ಮುಂದೆಲ್ಲ ಅಪ್ಪನದು ಒಂದೇ ಮಾತು: "ಏನ್ ಮಾಡಾದ್ರಿ, ರೈಲು ತಪ್ಪಿತು."

ಆ ಮಾತು ಬಂದಾಗಲೆಲ್ಲ ನಾನು ಒಳಗಿನಿಂದ ಹೇಳುತ್ತಿದ್ದೆ, ಬಂದವರಿಗೂ ಕೇಳುವಂತೆ: "ತಪ್ಪಲಿಲ್ಲಪ್ಪ. ರೈಲು ನಮ್ಮ ಮುಂದ ನಿಂತಿತ್ತು."